ಹೊಟ್ಟೆ ತೆರೆದೇ ಉಳಿದ ಕೌದಿ

ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಎರಡಕ್ಕೂ ನಾನು ಇಲ್ಲ ಎಂದೆ. ಎರಡೂ ಸುಳ್ಳು. ಅಕ್ಕನಿಗಾಗಿ ಆ ದಿನ ನಾನು ಮಾಡಬೇಕಾಗಿದ್ದ ಕೆಲಸ ಅಷ್ಟೇ ಇತ್ತು, ಅವಳ ಪಕ್ಕದಲ್ಲಿ ಕೂತು ಖರೇ ಹೇಳುವುದು. ಅದನ್ನು ಮಾಡಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಗೌಂಡಿ ಕೆಲಸ ನನ್ನದು. ಗೋಡೆ ಸೊಟ್ಟಗಾದರೆ ಕಣ್ಣಿಗೆ ಕಾಣುತ್ತದೆ, ಹಸಿ ಇರುವಾಗಲೇ ಕೆಡವಿ ಮತ್ತೆ ಕಟ್ಟಬಹುದು. ಬರೆಯುವುದು ನನಗೆ ಅಷ್ಟು ಸಲೀಸಲ್ಲ. ಆದರೂ ಇದನ್ನು ಬರೆದೇ ಏಳುವುದು ಎಂದು ಕೂತಿದ್ದೇನೆ.

ಹೋದ ತಿಂಗಳು ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಗೋವಾದ ಮಡಗಾಂವಿನ ಮೋತಿ ಡೊಂಗರಿನ ಒಂದು ಚಾಳಿನಲ್ಲಿ ನಮ್ಮದು ಎರಡು ಖೋಲಿಯ ಮನೆ. ಹುಟ್ಟುವ ಕೂಸಿಗೆ ಹಾಸಲು ಹಳೆಯ ಮೆತ್ತನೆಯ ಬಟ್ಟೆ ಹುಡುಕುತ್ತ ಅವಳು ಮಂಚದ ಕೆಳಗಿನ ಟ್ರಂಕು ಎಳೆದು, ಕೀಲಿ ತೆಗೆದು ತೆರೆದಳು. ತೆರೆದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಅಪ್ಪಾ, ಏನ್ ಸತ್ತೈತಿ ಇದರಾಗ? ಎಂಥಾ ನಾತ ಇದು.”

ಅವಳ ಕೈಯಲ್ಲಿ ಅಕ್ಕನ ಕೌದಿ ಇತ್ತು. ನಡುವೆ ಅಂಗೈಯಗಲ ಹೊಲಿಯದೇ ಬಿಟ್ಟ ಜಾಗ. ಅದರೊಳಗಿಂದ ಬೂಸಲು ಹಿಡಿದ ರೊಟ್ಟಿಯ ಪುಡಿ ಉದುರುತ್ತಿತ್ತು. ನಾನು ಕೌದಿಯನ್ನು ಇಸಿದುಕೊಂಡು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಹೊಲಿಯದ ಆ ಬಾಯಿಯೊಳಗೇ ಮೂಗಿಟ್ಟು ಉಸಿರು ಎಳೆದೆ. ಬರೀ ಗಾಳಿ.

“ನಿಮ್ಮಪ್ಪಗ ಈಗೀಗ ಯಾ ನಾತಾನೂ ಹತ್ತೂದಿಲ್ಲ. ಮನ್ನಿ ಗ್ಯಾಸ್ ಸೋರಾಕತ್ತಿದ್ರೂ ಮುಂದ ಕುಂತ ಬೀಡಿ ಹುಡುಕಾಕತ್ತಿದ್ರು” ಎಂದಳು ಹೆಂಡತಿ. ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕನಿಗೂ ಎಲ್ಲಕ್ಕಿಂತ ಮೊದಲು ಹೋಗಿದ್ದು ಮೂಗು...

ಅವಳ ಮೂಗು ಇಡೀ ಚಾಳಿನ ಮೂಗಾಗಿತ್ತು. ಯಾರ ಒಲೆಯ ಮೇಲೆ ಬೇಳೆ ಹೊತ್ತಿತು, ಯಾವ ಸಿಮೆಂಟಿನ ಚೀಲಕ್ಕೆ ತಂಪು ಹತ್ತಿತು ಎಂದು ದೂರದಿಂದಲೇ ಹೇಳುತ್ತಿದ್ದಳು. ಅಂಥವಳು ಒಂದು ಮುಂಜಾನೆ ಹಂಚಿನ ಮುಂದೆ ಕೂತಿದ್ದಳು. ರೊಟ್ಟಿ ಸುಟ್ಟು ಕರಿಯಾಗಿ ಮನೆ ತುಂಬ ಹೊಗೆ ಆಡುತ್ತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. “ಮೂಗ ಯಾವ ಸಂತ್ಯಾಗ ಮಾರಿ ಬಂದಿ ಯಕ್ಕಾ?” ಎಂದು ನಾನು ಚೇಷ್ಟೆ ಮಾಡಿದ್ದೆ. ಕೈ ನಡುಗುವುದಕ್ಕೆ ಆಗಿನ್ನೂ ಎರಡು ವರ್ಷ ಬಾಕಿ ಇತ್ತು.

ಅವ್ವ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಅಕ್ಕ ಆಗಲೇ ಗಂಡನೊಂದಿಗೆ ಗೋವಾಕ್ಕೆ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದಳು. ಅವ್ವನ ದಿನಕರ್ಮ ಮುಗಿಸಿ, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಅವ್ವನ ಕೊನೆಯ ಕೌದಿಯನ್ನೂ ಹಿಡಿದುಕೊಂಡು ಬಸ್ಸು ಹತ್ತಿದಳು. ಗಂಡ ಮುಂದೆ ಬೇರೆ ಸಂಸಾರ ಮಾಡಿಕೊಂಡು ಹೋದ. ಅವಳಿಗೆ ಮಕ್ಕಳಾಗಲಿಲ್ಲ. ತಲೆಯ ಮೇಲೆ ಕಾಂಕ್ರೀಟು ತುಂಬಿದ ಪಾಟಿ ಹೊತ್ತು ನನ್ನನ್ನು ಸಾಕಿದಳು, ಗೌಂಡಿಯ ಕೈಕೆಳಗೆ ಕೆಲಸಕ್ಕೆ ಹಚ್ಚಿದಳು, ಮದುವೆ ಮಾಡಿದಳು. ಮಳೆಗಾಲದಲ್ಲಿ ಕೆಲಸ ನಿಂತಾಗ ಚಾಳಿನವರ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು.

ಕೌದಿ ಹೊಲಿಯುವುದು ಅಂಚಿನಿಂದ ಸುರುವಾಗುತ್ತದೆ. ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರಬೇಕು. ನಟ್ಟನಡುವೆ ಉಳಿಯುವ ಜಾಗಕ್ಕೆ ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆ ಅನ್ನುತ್ತಾರೆ. ಅದರಲ್ಲಿ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಟ್ಟು ಆಮೇಲೆ ಮುಚ್ಚಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅವ್ವ ಹೇಳುತ್ತಿದ್ದಳಂತೆ. ಅಕ್ಕ ಯಾವ ಕೌದಿಯನ್ನೂ ಹಸಿದ ಹೊಟ್ಟೆಯಲ್ಲಿ ಮುಚ್ಚಿದವಳಲ್ಲ.

ಮೂಗು ಹೋದ ಮೇಲೆ ಅವಳ ನಡಿಗೆ ಗಿಡ್ಡವಾಯಿತು. ಆಮೇಲೆ ಮುಖ. ನಕ್ಕರೂ ನಕ್ಕಂತೆ ಕಾಣುತ್ತಿರಲಿಲ್ಲ. ಚಾಳಿನ ಹೆಂಗಸರು, “ನಿಮ್ಮಕ್ಕಗ ಸೊಕ್ಕ ಬಂದೈತಿ, ಮಾತಾಡ್ಸಿದ್ರ ಗ್ವಾಡಿ ನೋಡಿದಂಗ ನೋಡ್ತಾಳ” ಎಂದು ನನ್ನ ಹೆಂಡತಿಯ ಹತ್ತಿರ ಆಡಿಕೊಂಡರು. ಎಡಗೈ ನಡುಗತೊಡಗಿದ ಮೇಲೆ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ, “ಏ ಬಾಯಿ, ಪಾಟಿ ಹೊರಾಕ ಬಂದೀಯೋ ಕುಣಿಯಾಕ ಬಂದೀಯೋ?” ಎಂದು ನಕ್ಕು ಅವಳನ್ನು ಕೆಲಸದಿಂದ ಬಿಡಿಸಿದ. ಮನೆಯಲ್ಲೇ ಉಳಿದವಳು ನನ್ನ ಮಗಳ ಮದುವೆಗೆಂದು ಈ ಕೌದಿ ಹಿಡಿದಳು. ಸೋದರತ್ತೆಯ ಕೈಯ ಕೌದಿ ಇಲ್ಲದೆ ಹುಡುಗಿ ಹೊಸ್ತಿಲು ದಾಟಬಾರದು ಎಂಬುದು ಅವಳ ಹಟ.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ನೆಲದ ಮೇಲೆ ಎರಡು ಕೌದಿ ಹಾಸಿದ್ದಳು. ಒಂದು ಅವ್ವನ ಕೊನೆಯದು, ಇನ್ನೊಂದು ತಾನು ಹೊಲಿಯುತ್ತಿದ್ದದ್ದು.

“ಇಲ್ನೋಡ ತಮ್ಮಾ. ಅಂಚಿನ್ಯಾಗ ಅವ್ವನ ಹೊಲಗಿ ಹೆಂಗದಾವು? ಅಕ್ಕಿ ಕಾಳಿನಂಗ. ನಡುವ ಬರ್ತ ಬರ್ತ ನೋಡ. ಸಾಸಿವಿ ಆಗ್ಯಾವು.” ಆಮೇಲೆ ತನ್ನ ಕೌದಿಯ ಮೇಲೆ ಬೆರಳು ಓಡಿಸಿದಳು. ಅಂಚಿನಲ್ಲಿ ಅಕ್ಕಿಕಾಳು, ನಡುವೆ ಸಾಸಿವೆ. “ನಾ ದೊಡ್ಡ ಹಾಕಬೇಕಂತೇನಿ, ಕೈ ಸಣ್ಣ ಹಾಕತೈತಿ. ಅವ್ವನ ಕೈ ನನ್ನ ಕೈಯಾಗ ಬಂದೈತಿ.”

ಅವ್ವನೂ ಕೊನೆಗೆ ಹೀಗೇ ಆಗಿದ್ದಳು. ಗಿಡ್ಡ ಹೆಜ್ಜೆ, ನಡುಗುವ ಕೈ, ಅಲುಗದ ಮುಖ. ಸಾಮಾನು ಇಡುವ ನಾಗೊಂದಿಯ ಮೇಲೆ ಸಣ್ಣ ಮಕ್ಕಳು ಕೂತಿವೆ ಎಂದು ಅವುಗಳೊಡನೆ ಮಾತಾಡುತ್ತಿದ್ದಳು. ಊರವರು ಮೈಮೇಲೆ ದೇವಿ ಬರುತ್ತಾಳೆ ಎಂದರು. ಮಂಗಳವಾರ, ಶುಕ್ರವಾರ ಹೆಂಗಸರು ಕಾಯಿ ಹಿಡಿದು ಬಂದು ಅವ್ವನನ್ನು ಹೇಳಿಕೆ ಕೇಳುತ್ತಿದ್ದರು. ಅವ್ವ ಕಂಗಾಲಾಗಿ ನೋಡುತ್ತಿದ್ದಳು. ಅದೂ ದೇವಿಯ ನೋಟವೇ ಆಯಿತು.

ಅಕ್ಕ ಅಕ್ಷರ ಕಲಿತವಳಲ್ಲ. ಆದರೆ ಡಾಕ್ಟರು ಆಮೇಲೆ ಕೇಳಿದ್ದನ್ನು ಅವಳು ಆ ದಿನವೇ ನೆಲದ ಮೇಲೆ ಹಾಸಿ ತೋರಿಸಿದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ರೋಗದ ಹೆಸರು ಪಾರ್ಕಿನ್ಸನ್ ಎಂದರು. ಗುಳಿಗೆ ಸುರುವಾಯಿತು. ಕೈ ಸ್ವಲ್ಪ ಸಡಿಲಾಯಿತು, ಅಕ್ಕ ಮತ್ತೆ ಸೂಜಿ ಹಿಡಿದಳು. ಕೆಲವು ತಿಂಗಳ ಮೇಲೆ ಒಂದು ದಿನ ಟ್ರಂಕಿನ ಕಡೆ ಕೈ ಮಾಡಿ, “ನಾಕ ಹುಡುಗರು ಬಂದಾವು, ಕುಂದ್ರಾಕ ಜಾಗಾ ಬಿಡ್ರಿ” ಎಂದಳು. ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಅವಳು ಅವ್ವನ ಕೌದಿಯನ್ನು ಚೀಲದಲ್ಲಿ ಹಾಕಿಕೊಂಡಳು. ಡಾಕ್ಟರಿಗೆ ತೋರಿಸಬೇಕಂತೆ. ನನಗೆ ನಾಚಿಕೆಯಾಯಿತು, ಆದರೂ ಬೇಡ ಎನ್ನಲಿಲ್ಲ. ಬಸ್ಸಿನಿಂದ ಇಳಿದ ಮೇಲೆ ಮಾತ್ರ ಹೇಳಿದೆ: “ಹುಡುಗರ ಸುದ್ದಿ ತಗೀಬ್ಯಾಡ ಅಲ್ಲಿ. ಹುಚ್ಚರ ದವಾಖಾನಿಗಿ ಹಾಕ್ತಾರ.”

ಡಾಕ್ಟರಿಗೆ ಅಕ್ಕನ ಬಾಯಿಂದಲೇ ಕೇಳಬೇಕಾಗಿತ್ತು. ಅವರಿಗೆ ಕನ್ನಡ ಬಾರದು, ಅಕ್ಕನಿಗೆ ಹಿಂದಿ ಬಾರದು. ಅದಕ್ಕೆ ಕನ್ನಡ ಬಲ್ಲ ಆಯಾ ಒಬ್ಬಳನ್ನು ಕರೆಸಿದರು. ಕಂಡ ಕೂಡಲೇ ಅವಳ ಗುರುತು ಹತ್ತಿತು. ಅವಳು ಫೋಂಡಾದಿಂದ ಕೆಲಸಕ್ಕೆ ಬರುವವಳು. ನನ್ನ ಮಗಳಿಗೆ ಮಾತಾಡಿಟ್ಟಿದ್ದ ಗಂಡಿನ ಮನೆಯ ಎದುರು ಖೋಲಿಯವಳು. ನಿಶ್ಚಯಕ್ಕೆ ಇನ್ನು ಒಂದು ವಾರ ಇತ್ತು.

“ನಿಮ್ಮ ಮನಿತನದಾಗ ಮದ್ಲ ಯಾರಿಗರೆ ಹಿಂಗ ಇತ್ತೇನ್ರಿ? ಅವ್ವಗ, ಅಪ್ಪಗ? ರಕ್ತದಾಗ ಬಂದಿರತೈತಂತ, ಅದಕ್ಕ ಡಾಕ್ಟರ್ ಕೇಳಾಕತ್ಯಾರ” ಎಂದಳು ಆಯಾ.

ಅಕ್ಕ ಚೀಲಕ್ಕಾಗಿ ಕೈ ಚಾಚಿದಳು. ಚೀಲ ನನ್ನ ಕಾಲ ಹತ್ತಿರ ಇತ್ತು. ನಾನು ಅದನ್ನು ಹಿಮ್ಮಡಿಯಿಂದ ನಾವು ಕೂತಿದ್ದ ಬಾಕಿನ ಕೆಳಗೆ ನೂಕಿದೆ.

“ಯಾರಿಗೂ ಇಲ್ರಿ” ಎಂದೆ.

“ಇವ್ರಿಗೆ ಇಲ್ಲದ್ದು ಏನರೆ ಕಾಣತೈತೇನು? ಸ್ವಭಾವ ಬದಲಾಗೇತೇನು?”

“ಇಲ್ರಿ.”

ಆಯಾ ಅಕ್ಕನ ಕಡೆ ತಿರುಗಿ ಅದನ್ನೇ ಕೇಳಿದಳು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ, “ಇಲ್ಲವಾ, ನಮ್ಮ ತಮ್ಮ ಹೇಳಿದ್ದ ಖರೇ” ಎಂದಳು.

ನಾನು ಸುಳ್ಳು ಹೇಳಿದ್ದಕ್ಕಿಂತ ಅವಳ ಬಾಯಲ್ಲಿ ಸುಳ್ಳು ಹೇಳಿಸಿದ್ದು ಹೆಚ್ಚು ಚುಚ್ಚುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: “ಅವ್ವಂದು ಯಾಕ ಹೇಳಲಿಲ್ಲೋ?”

“ಅವ್ವಗ ರೋಗ ಇರಲಿಲ್ಲ. ದೇವಿ ಬರ್ತಿದ್ಲು.”

“ಹಂಗಾರ ನನಗ್ಯಾಕ ಗುಳಗಿ ನುಂಗಸ್ತಿ? ನನ್ನ ಮುಂದೂ ಎರಡ ಕಾಯಿ ಒಡಿ” ಎಂದು ಕಿಟಕಿಯ ಕಡೆ ತಿರುಗಿದಳು.

ಕೈ ಇನ್ನೂ ಬಿಗಿ ಇದೆ, ಬೇರೆ ತೊಂದರೆ ಏನೂ ಇಲ್ಲ ಎಂದು ಡಾಕ್ಟರು ಗುಳಿಗೆ ಹೆಚ್ಚಿಸಿದ್ದರು. ಅವರದೇನು ತಪ್ಪು? ನಾನು ಹೇಳಿದ್ದರ ಮೇಲೆ ಅವರು ಕೆಲಸ ಮಾಡಿದರು. ಅಡಿಪಾಯ ಗಟ್ಟಿ ಇದೆ ಎಂದು ಮಾಲಕನೇ ಹೇಳಿದರೆ ಗೌಂಡಿ ಮೇಲೆ ಕಟ್ಟುತ್ತಾನೆ.

ಅಕ್ಕನ ಕೈ ಸುಧಾರಿಸಿತು. ಅವಳಿಗೆ ಕಾಣುವ ಮಕ್ಕಳು ಹೆಚ್ಚಾದವು. ಮೊದಲು ಸುಮ್ಮನೆ ಕೂತಿರುತ್ತಿದ್ದವು, ಆಮೇಲೆ ಅವಳನ್ನು ಬೈಯತೊಡಗಿದವಂತೆ. “ಹಸದಾವು. ನೀ ಒಬ್ಬಾಕಿನ ತಿಂತಿ ಅಂತಾವು.” ತನ್ನ ತಾಟಿನ ರೊಟ್ಟಿ ಮುರಿದು ಕೌದಿಯ ಹೊಟ್ಟೆಯೊಳಗೆ ತುರುಕುತ್ತಿದ್ದಳು. ಮಕ್ಕಳು ಅಲ್ಲಿಂದ ತಿನ್ನುತ್ತವೆ ಎಂದು ಅವಳ ನಂಬಿಕೆ. ದಿನಾ ಒಂದು ರೊಟ್ಟಿ, ಎರಡು ರೊಟ್ಟಿ. ಅವಳು ಮಾತ್ರ ಸೊರಗುತ್ತ ಹೋದಳು. ಹೊಲಿಗೆ ನಿಂತಿತು. ಹೊಟ್ಟೆ ಮುಚ್ಚಿದರೆ ಅವು ಎಲ್ಲಿಂದ ತಿನ್ನಬೇಕು?

ಖೋಲಿಯ ತುಂಬ ಕೆಂಪಿರುವೆ ಎದ್ದವು. ಒಂದು ಮುಂಜಾನೆ ಇರುವೆ ನನ್ನ ಕುತ್ತಿಗೆಗೆ ಕಚ್ಚಿ ಎಚ್ಚರವಾಯಿತು. ಎದ್ದವನೇ ಕೌದಿ ಕಸಿದು, ಝಾಡಿಸಿ, ಸುತ್ತಿ ಟ್ರಂಕಿಗೆ ಹಾಕಿ ಕೀಲಿ ಜಡಿದೆ. “ಹುಚ್ಚಿ ಆಗೀದಿ ನೀ. ಖರೇನ ಹುಚ್ಚಿ ಆಗೀದಿ” ಎಂದೆ. ನನ್ನನ್ನು ಹೊತ್ತು ಸಾಕಿದವಳಿಗೆ ಆ ಮಾತು ಅಂದೆ. ಅವಳು ಅಳಲಿಲ್ಲ. ಟ್ರಂಕಿನ ಪಕ್ಕ ಕೂತು, ಕೀಲಿಯ ಸಂದಿಗೆ ಬಾಯಿ ಹಚ್ಚಿ ಒಳಗಿನವರಿಗೆ ಏನೋ ಸಮಾಧಾನ ಹೇಳುತ್ತಿದ್ದಳು.

ಅದಕ್ಕೂ ಮೊದಲಿನ ಇನ್ನೊಂದು ತಪ್ಪು ಇದೆ, ಅದನ್ನೂ ಹೇಳಬೇಕು. ನಿಶ್ಚಯದ ದಿನ ಬೀಗರು ಬರುವ ಹೊತ್ತಿಗೆ ನಾನು ಅಕ್ಕನನ್ನು ಪಕ್ಕದವರ ಖಾಲಿ ಖೋಲಿಗೆ ಕರೆದೊಯ್ದೆ.

“ಕೂಸಿನ ನಿಶ್ಚೇಕ ನಾ ಇರಬಾರದೇನೋ?”

“ನೀ ಗಾಳಿಗೆ ಮಾತಾಡ್ತಿ. ಅವ್ರು ನೋಡಿದ್ರ ಏನಂದಾರು?”

“ಸುಮ್ಮ ಇರ್ತೇನಿ ತಮ್ಮಾ. ಹುಡುಗರಿಗೂ ಹೇಳ್ತೇನಿ, ಇವತ್ತೊಂದಿನ ಗದ್ದಲ ಮಾಡಬ್ಯಾಡ್ರಿ ಅಂತ.”

ಹೊರಗಿನಿಂದ ಚಿಲಕ ಹಾಕಿದೆ. ಬೀಗರು ಹೋದ ಮೇಲೆ ತೆಗೆದಾಗ ಹೊಸ ಸೀರೆ ಉಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಾನು ಕೊಟ್ಟಿದ್ದ ಹೋಳಿಗೆಯನ್ನು ನಾಲ್ಕು ಪಾಲು ಮಾಡಿ ಮುಂದಿಟ್ಟಿದ್ದಳು. ತಾನು ಮುಟ್ಟಿರಲಿಲ್ಲ.

ಮಗಳ ಮದುವೆ ಕೌದಿ ಇಲ್ಲದೆಯೇ ಆಯಿತು. ಆ ವರ್ಷದ ಮಳೆಗಾಲದಲ್ಲಿ ಅಕ್ಕನ ಎದೆಯಲ್ಲಿ ಕಫ ಕಟ್ಟಿತು. ನುಂಗಿದ್ದು ಸರಿಯಾಗಿ ಇಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಹಾಕಿದೆವು. ವಾರ್ಡಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಇದ್ದರು. ಅವಳು ಪಾವು ಬ್ರೆಡ್ಡು ಮುರಿದು ಹಾಸಿಗೆಯ ಅಂಚಿನಲ್ಲಿ ಸಾಲಾಗಿ ಇಡುವುದನ್ನು ನೋಡಿ, ಇದು ಎಷ್ಟು ದಿನದಿಂದ ಎಂದು ನನ್ನನ್ನು ಕೇಳಿದರು. ಆಗ ಮಾತ್ರ ನನ್ನ ಬಾಯಿಂದ ಖರೇ ಬಂತು. ಒಂದು ವರ್ಷ ಆಯಿತು ಎಂದೆ. ಅವರು ಬೈಯಲಿಲ್ಲ. ಚೀಟಿ ನೋಡಿ, ಈ ಗುಳಿಗೆ ಹೆಚ್ಚಾದರೆ ಇಲ್ಲದ್ದು ಹೆಚ್ಚು ಕಾಣುತ್ತದೆ ಎಂದು ಅದನ್ನು ಕಡಿಮೆ ಮಾಡಿದರು. ಅಷ್ಟೇ.

ನಾಲ್ಕನೇ ದಿನ ನಾನು ಹೋದಾಗ ಅಕ್ಕ ಹಾಸಿಗೆಯ ಅಂಚನ್ನೇ ನೋಡುತ್ತಿದ್ದಳು.

“ಹುಡುಗರು ಹೋದ್ವು.”

“ಎಲ್ಲಿಗಿ?”

“ಯಾರಿಗ್ಗೊತ್ತು. ಹೇಳಿ ಹೋಗಲಿಲ್ಲ. ನೀ ಸಣ್ಣಾಂವ ಇದ್ದಾಗ ಹೇಳದ ಓಡಿ ಹೋಗ್ತಿದ್ದೆಲ್ಲ, ಹಂಗ.”

ಅವಳ ಕೈ ಮತ್ತೆ ಬಿಗಿದಿದ್ದವು. ಆದರೆ ಕಣ್ಣು ಅವಳದೇ ಆಗಿದ್ದವು. ನಾನು ಚಮಚದಿಂದ ಗಂಜಿ ಹಾಕಿದೆ. ಒಂದು ಬಟ್ಟಲು ಪೂರ್ತಿ ಉಂಡಳು, ಯಾರಿಗೂ ಪಾಲು ಇಡಲಿಲ್ಲ. “ಕೌದಿ ಎಲ್ಲಿಟ್ಟಿ?” ಎಂದು ಕೇಳಿದಳು. ಟ್ರಂಕಿನಲ್ಲಿದೆ ಎಂದೆ. “ಹೊಟ್ಟಿ ಮುಚ್ಚಬೇಕ ಅದರದು. ಮನಿಗಿ ಹೋದ ಮ್ಯಾಲ.”

ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಪಕ್ಕದ ಹಾಸಿಗೆಯವರು ಕೇಳುತ್ತಾರೆ ಅನಿಸಿತು, ನಾಳೆ ಹೇಳಿದರಾಯಿತು ಅನಿಸಿತು... ಹಾಗೆ ಒಂಬತ್ತು ನಾಳೆಗಳು ನನಗೆ ಸಿಕ್ಕವು. ಹತ್ತನೆಯದು ಸಿಗಲಿಲ್ಲ. ಕಫವೇ ಗೆದ್ದಿತು.

ಇಷ್ಟನ್ನೂ ನಾನು ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದ್ದೆ. ಮಗಳು ತೆರೆದಳು.

ಮೂಗಿಗೆ ನಾತ ಹತ್ತದ ಆ ದಿನ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ, ಈ ಸಲ ಮುಚ್ಚಿಡುವುದಿಲ್ಲ. ಮೊದಲು ಮಗಳಿಗೂ ಹೆಂಡತಿಗೂ ಹೇಳಿದೆ. ಬಾಕಿನ ಕೆಳಗೆ ನೂಕಿದ ಚೀಲದ ಸುದ್ದಿ ಕೇಳಿ ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲಿನ ಐತವಾರ ಮಗಳ ಅತ್ತೆ ಫೋಂಡಾದಿಂದ ಸೊಸೆಯನ್ನು ನೋಡಲು ಬಂದರು. ಚಹಾ ಕೊಡುವ ಮೊದಲೇ ಅವರ ಮುಂದೆ ಕೂತು ಅವ್ವನದು, ಅಕ್ಕನದು, ನನ್ನ ಮೂಗಿನದು, ಆಯಾ ಮುಂದೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಮಗಳು ಚಹಾ ಹಿಡಿದು ನಿಂತಿದ್ದಳು.

“ಹೇಳಬೇಕಾಗಿತ್ತ ಬೀಗ್ರ. ಆವಾಗ ಹೇಳಬೇಕಾಗಿತ್ತ” ಎಂದರು ಬೀಗಿತಿ. ಸಿಟ್ಟು ಇತ್ತು, ಇರಬೇಕಾದದ್ದೇ. ನಾನು ತಲೆ ಎತ್ತಲಿಲ್ಲ. ಆಮೇಲೆ ಅವರೇ ಮುಂದುವರಿಸಿದರು: “ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಸಕ್ರಿ ಬ್ಯಾನಿ ಐತಿ. ಹುಡುಗನ ಅಪ್ಪಂದು ಕಾಲ ಬೆರಳ ತಗದದ್ದು ಕಲ್ಲ ಬಿದ್ದ ಅಂತ ಹೇಳಿದ್ವಿ ನಿಮಗ. ಕಲ್ಲೂ ಇಲ್ಲ, ಏನೂ ಇಲ್ಲ.” ಮಗಳ ಕಡೆ ತಿರುಗಿ, “ನೋಡವಾ, ಎರಡೂ ಕಡಿ ಮಂದಿ ಎಷ್ಟ ಚಲೋ ಅದೇವಿ” ಎಂದು ಚಹಾಕ್ಕೆ ಕೈ ಚಾಚಿದರು. “ಸಕ್ರಿ ಹಾಕಬ್ಯಾಡ.”

ಮರುದಿನವೇ ಎರಡೂ ಕೌದಿಗಳನ್ನು ಚೀಲದಲ್ಲಿ ಹಾಕಿಕೊಂಡು ಮಗಳ ಜೊತೆ ಆಸ್ಪತ್ರೆಗೆ ಹೋದೆ. ಈ ಸಲ ಇದ್ದವರು ಹೆಣ್ಣು ಡಾಕ್ಟರು. ಮೇಜಿನ ಮೇಲೆ ಕೌದಿ ಹಾಸಿ ಹೊಲಿಗೆ ತೋರಿಸಿದೆ. ಅವರು ಅಂಚಿನಿಂದ ನಡುವಿನವರೆಗೆ ಬೆರಳು ಓಡಿಸಿದರು, ಅಕ್ಕ ಓಡಿಸಿದ ಹಾಗೆಯೇ. ಈ ರೋಗದಲ್ಲಿ ಅಕ್ಷರ ಹೀಗೆ ಸಣ್ಣದಾಗುತ್ತ ಹೋಗುವುದನ್ನು ಕಂಡಿದ್ದೇನೆ, ಹೊಲಿಗೆಯಲ್ಲಿ ನೋಡುತ್ತಿರುವುದು ಇದೇ ಮೊದಲು ಎಂದರು.

ಮೂಗು ಹೋದ ಮಾತ್ರಕ್ಕೆ ರೋಗ ಇದೆ ಅನ್ನಲಾಗದು, ಬೇರೆ ಕಾರಣಗಳಿಂದಲೂ ಹೋಗುತ್ತದೆ ಎಂದರು. ಬಹಳ ಜನರಿಗೆ ಈ ರೋಗ ಮನೆತನದಿಂದ ಬಂದದ್ದಲ್ಲ; ಕೆಲವು ಮನೆಗಳಲ್ಲಿ ಮಾತ್ರ ಜೀನಿನೊಳಗೆ ಇಳಿದು ಬರುತ್ತದೆ, ಬಂದವರಿಗೆಲ್ಲ ರೋಗ ಆಗಿಯೇ ತೀರುತ್ತದೆ ಅಂತಲೂ ಇಲ್ಲ. ಹುಟ್ಟುವ ಕೂಸಿನ ಬಗ್ಗೆ ಈಗಲೇ ಹೆದರಬೇಡಿ ಎಂದು ಮಗಳಿಗೆ ಬಿಡಿಸಿ ಹೇಳಿದರು. ಅಕ್ಕನಿಗೆ ಕಾಣುತ್ತಿದ್ದ ಮಕ್ಕಳ ಸುದ್ದಿ ಕೇಳಿದ ಮೇಲೆ ಅವರು ಅಂದ ಮಾತು ನನಗೆ ಮರೆಯುವುದಿಲ್ಲ. ಕೈ ನಡುಗುವುದು ನಮಗೂ ಕಾಣುತ್ತದೆ. ಇಲ್ಲದ್ದು ಕಾಣುವುದು, ಸಂಶಯ, ಮನಸ್ಸು ಮಂಕಾಗುವುದು ಮನೆಯವರು ಹೇಳಿದರೆ ಮಾತ್ರ ನಮಗೆ ತಿಳಿಯುತ್ತದೆ.

ನಾನು ತಪಾಸಣೆಗೆ ರಕ್ತ ಕೊಟ್ಟು ಬಂದೆ. ಅವರು ಇನ್ನೂ ಏನೂ ಹೇಳಿಲ್ಲ. ಬಂದದ್ದು ಬರಲಿ. ನನ್ನ ಕಣ್ಣಿಗೆ ಯಾವ ಮಕ್ಕಳು ಕಂಡರೂ ಮೊದಲ ದಿನವೇ ಹೇಳುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ. ನನ್ನ ಬಾಯಿಂದ ಬರದಿದ್ದರೆ ನೀನೇ ಹೇಳು ಎಂದಿದ್ದೇನೆ.

ಇವತ್ತು ಮುಂಜಾನೆ ಬಿಸಿಲು ಬಿದ್ದ ಮೇಲೆ ಕೌದಿಯನ್ನು ಹೊಸ್ತಿಲ ಹತ್ತಿರ ಹಾಸಿದೆ. ಹೆಂಡತಿ ಅದನ್ನು ಝಾಡಿಸಿ, ತೊಳೆದು, ಒಣಗಿಸಿದ್ದಳು. ಹಂಚಿನಿಂದ ಈಗ ತೆಗೆದ ರೊಟ್ಟಿಯ ಒಂದು ಚೂರು, ಚಿಟಿಕೆ ಸಕ್ಕರೆ ತಂದು ಕೊಟ್ಟಳು. ಗಾರೆ ಬಳಿಯುವ ಕರಣಿ ಹಿಡಿಯುವ ಕೈಯಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ಆದರೂ ನಾನೇ ಹೊಲಿದೆ. ಅಕ್ಕನ ಸಾಸಿವೆ ಹೊಲಿಗೆಗಳ ಪಕ್ಕ ನನ್ನವು ಸೊಟ್ಟಗೆ, ದೊಡ್ಡದಾಗಿ, ಹುಣಸೆ ಬೀಜದಂತೆ ಬಿದ್ದವು. ಮಗಳು ಎದುರಿಗೆ ಕೂತಿದ್ದಳು. ಪಕ್ಕದ ಖೋಲಿಯವರು ಬಾಗಿಲಲ್ಲಿ ನಿಂತಿದ್ದರು, ಅಕ್ಕನನ್ನು ನಾನು ಕೂಡಿಹಾಕಿದ್ದ ಅದೇ ಖೋಲಿ. ಯಾರು ಕೇಳಿಸಿಕೊಂಡರೂ ಕೇಳಿಸಿಕೊಳ್ಳಲಿ ಎಂದು ಕೊನೆಯ ಹೊಲಿಗೆ ಎಳೆಯುವ ಮೊದಲು ಬಾಯಿಬಿಟ್ಟು ಹೇಳಿದೆ:

“ಯಕ್ಕಾ, ಅವ್ವನ ಕೌದಿ ನಾನ ಬಾಕಿನ ಕೆಳಗ ನೂಕಿದೆ. ನಿನ್ನ ಬಾಯಾಗ ಸುಳ್ಳ ಹೇಳಿಸಿದೆ. ನೀ ಹುಚ್ಚಿ ಇರಲಿಲ್ಲ. ನಂದ ತಪ್ಪಾತವಾ.”